ಪಿಯುಸಿ ನಂತರ ಆರ್ಕಿಟೆಕ್ಚರ್, ದೃಶ್ಯಕಲೆ, ಡಿಸೈನ್ ಪದವಿ: ಆಯ್ಕೆಯಿಂದ ಮೊದಲ ತರಗತಿಯವರೆಗೆ ಸಮಗ್ರ ಮಾರ್ಗದರ್ಶಿ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ವಾರದಲ್ಲಿ ಹೆತ್ತವರು ನನ್ನಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಬಗೆಯದು: "ಮಗಳು ಚಿತ್ರ ಚೆನ್ನಾಗಿ ಬರೆಯುತ್ತಾಳೆ, ಲೆಕ್ಕದಲ್ಲೂ ಪರವಾಗಿಲ್ಲ, ಆರ್ಕಿಟೆಕ್ಚರ್‌ಗೆ ಸೇರಿಸಬಹುದೇ?" ಸೇರಿಸಬಹುದು ಎಂದು ಹೇಳುವುದು ಸುಲಭ. ಆದರೆ ಆ ಹೊತ್ತಿಗೆ ಎಷ್ಟೋ ಪ್ರವೇಶ ಪರೀಕ್ಷೆಗಳ ಅರ್ಜಿಯ ದಿನಾಂಕ ಮುಗಿದಿರುತ್ತದೆ, ಕೆಲವೊಮ್ಮೆ ಮಗು ಪಿಯುಸಿಯಲ್ಲಿ ಗಣಿತವನ್ನೇ ತೆಗೆದುಕೊಂಡಿರುವುದಿಲ್ಲ. ಹೀಗಾಗಿ ಈ ಬರಹವನ್ನು ಎಸ್ಸೆಸ್ಸೆಲ್ಸಿ ಮುಗಿಸಿದವರು, ಪ್ರಥಮ ಪಿಯುಸಿಯಲ್ಲಿರುವವರು ಮತ್ತು ಅವರ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ದ್ವಿತೀಯ ಪಿಯುಸಿಯಲ್ಲಿರುವವರು ಮೂರನೆಯ ಹಂತದಿಂದ ಕೆಲಸ ಆರಂಭಿಸಬೇಕು, ಅದೂ ಈ ವಾರವೇ.

ಹಂತ 1: ಮೂರು ದಾರಿಗಳ ನಡುವಿನ ವ್ಯತ್ಯಾಸವನ್ನು ತಿಳಿದುಕೊಳ್ಳಿ

ಬಿ.ಆರ್ಕ್ ಐದು ವರ್ಷಗಳ, ಅಂದರೆ ಹತ್ತು ಸೆಮಿಸ್ಟರ್‌ಗಳ ವೃತ್ತಿಪರ ಪದವಿ. ಅದರಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಯಾವುದಾದರೂ ಆರ್ಕಿಟೆಕ್ಟರ ಕಚೇರಿಯಲ್ಲಿ ಪ್ರಾಯೋಗಿಕ ತರಬೇತಿ ಪಡೆಯಬೇಕಾಗುತ್ತದೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿಯಾದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಸಿವಿಲ್ ಎಂಜಿನಿಯರಿಂಗ್ ಓದಿದವರು, ಒಳಾಂಗಣ ವಿನ್ಯಾಸದ ಕೋರ್ಸ್ ಮಾಡಿದವರು ಕಟ್ಟಡದ ಕೆಲಸದಲ್ಲಿ ಎಷ್ಟೇ ಪಳಗಿದ್ದರೂ ಆ ಹೆಸರನ್ನು ಬಳಸುವಂತಿಲ್ಲ. ಎಂಜಿನಿಯರು ತೊಲೆ ಎಷ್ಟು ಭಾರ ಹೊರಬಲ್ಲದು ಎಂದು ಲೆಕ್ಕ ಹಾಕುತ್ತಾರೆ. ಆರ್ಕಿಟೆಕ್ಟು ಅಡುಗೆಮನೆಗೆ ಬೆಳಗಿನ ಬಿಸಿಲು ಎಲ್ಲಿಂದ ಬರಬೇಕು, ವಯಸ್ಸಾದ ಅಜ್ಜಿ ಬಚ್ಚಲಿಗೆ ಎಷ್ಟು ಹೆಜ್ಜೆ ನಡೆಯಬೇಕು, ಮಳೆಯ ಇರಚಲು ಜಗಲಿಗೆ ಬಡಿಯದಂತೆ ಸೂರು ಎಷ್ಟು ಮುಂದೆ ಚಾಚಬೇಕು ಎಂಬುದನ್ನು ಯೋಚಿಸುತ್ತಾರೆ. ಎರಡೂ ಬೇಕಾದ ಕೆಲಸಗಳೇ, ಆದರೆ ಬೇರೆ ಬೇರೆ ಮನೋಧರ್ಮ ಬೇಡುವ ಕೆಲಸಗಳು. ಊರಿನಲ್ಲಿ ಬಂಧುಗಳು "ವಾಸ್ತು ನೋಡುವ ಓದು" ಎಂದುಕೊಳ್ಳುವುದೂ ಉಂಟು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು.

ದೃಶ್ಯಕಲೆಯ ಪದವಿ, ಅಂದರೆ ಬಿ.ವಿ.ಎ. ಅಥವಾ ಬಿ.ಎಫ್.ಎ., ಸಾಮಾನ್ಯವಾಗಿ ನಾಲ್ಕು ವರ್ಷಗಳದ್ದು. ಮೊದಲ ವರ್ಷ ಎಲ್ಲರಿಗೂ ಸಮಾನವಾದ ಬುನಾದಿ ಪಾಠ. ಅನಂತರ ಚಿತ್ರಕಲೆ, ಶಿಲ್ಪಕಲೆ, ಗ್ರಾಫಿಕ್ ಕಲೆ ಅಂದರೆ ಅಚ್ಚುಕಲೆ, ಅನ್ವಯಿಕ ಕಲೆ, ಕಲಾ ಇತಿಹಾಸ ಮೊದಲಾದವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಬಿ.ಡಿಸೈನ್ ಕೂಡ ನಾಲ್ಕು ವರ್ಷಗಳದ್ದೇ. ಕುರ್ಚಿ, ನೀರಿನ ಬಾಟಲಿ, ಬಟ್ಟೆ, ಮೊಬೈಲ್ ಪರದೆ, ಆಸ್ಪತ್ರೆಯ ದಾರಿಸೂಚಕ ಫಲಕ, ಹೀಗೆ ಜನ ನಿತ್ಯ ಬಳಸುವ ಯಾವ ವಸ್ತುವೂ ಅದರ ವ್ಯಾಪ್ತಿಗೆ ಬರುತ್ತದೆ.

ಈ ಮೂರರಲ್ಲಿ ಯಾವುದು ಎಂದು ತೀರ್ಮಾನಿಸಲು ನಾನು ಮಕ್ಕಳಿಗೆ ಹೇಳುವುದು ಇಷ್ಟು: ಪದವಿಯ ಹೆಸರನ್ನು ಬದಿಗಿಟ್ಟು, ಆ ಕೆಲಸದಲ್ಲಿರುವವರ ಬಳಿ ಒಂದು ಇಡೀ ದಿನ ಕುಳಿತು ಬನ್ನಿ. ಕಟ್ಟಡದ ನಿವೇಶನದಲ್ಲಿ ಮೇಸ್ತ್ರಿಯೊಂದಿಗೆ ಮಾತನಾಡುವುದು, ಒಂದೇ ಪ್ಲಾನನ್ನು ಏಳೆಂಟು ಬಾರಿ ತಿದ್ದಿ ಬರೆಯುವುದು ನಿಮಗೆ ಹಿತವೆನಿಸಿದರೆ ಆರ್ಕಿಟೆಕ್ಚರ್ ನಿಮ್ಮದಾಗಬಹುದು. ಯಾರ ಅಪೇಕ್ಷೆಯೂ ಇಲ್ಲದೆ, ನಿಮ್ಮ ಮನಸ್ಸಿನ ಒತ್ತಾಯಕ್ಕಾಗಿಯೇ ಚಿತ್ರ ಬರೆಯುವವರಾದರೆ ಕಲಾಶಾಲೆಯೇ ಸರಿ. ಚಿತ್ರಕಲೆಯ ಒಲವಿರುವ ಮಗುವನ್ನು "ಅದರಲ್ಲಿ ಸಂಪಾದನೆ ಇಲ್ಲ" ಎಂದು ಬಲವಂತವಾಗಿ ಬಿ.ಆರ್ಕ್‌ಗೆ ಸೇರಿಸಿ, ಮೂರನೆಯ ಸೆಮಿಸ್ಟರ್‌ನಲ್ಲಿ ಅದು ಕುಗ್ಗಿಹೋಗುವುದನ್ನು ನಾನು ನೋಡಿದ್ದೇನೆ. ಆ ಮಾತು ಅರ್ಧ ನಿಜವೂ ಅಲ್ಲ. ಬಿ.ಆರ್ಕ್ ಮುಗಿಸಿದವರಿಗೂ ಮೊದಲ ಎರಡು ಮೂರು ವರ್ಷ ಸಿಗುವ ಸಂಬಳ ಕಡಿಮೆಯೇ.

ಹಂತ 2: ಪಿಯುಸಿಯಲ್ಲಿ ವಿಷಯಗಳನ್ನು ಆರಿಸುವಾಗಲೇ ಎಚ್ಚರವಿರಲಿ

ಬಿ.ಆರ್ಕ್‌ಗೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯ ವಿಷಯವಾಗಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ಮೊದಲಾದವುಗಳಲ್ಲಿ ಒಂದಿರಬಹುದು. ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ 45 ಅಂಕ ಬೇಕು. ಗಣಿತವನ್ನು ಒಂದು ವಿಷಯವಾಗಿ ಓದಿ ಮೂರು ವರ್ಷಗಳ ಡಿಪ್ಲೊಮಾ ಮುಗಿಸಿದವರಿಗೂ ಅವಕಾಶವಿದೆ. ಗಣಿತವಿಲ್ಲದ ಸಂಯೋಜನೆ ತೆಗೆದುಕೊಂಡವರಿಗೆ, ಕಲಾ ಮತ್ತು ವಾಣಿಜ್ಯ ವಿಭಾಗದವರಿಗೆ ಈ ಬಾಗಿಲು ಮುಚ್ಚಿರುತ್ತದೆ. ಆದರೆ ಬಿ.ವಿ.ಎ. ಮತ್ತು ಬಹುತೇಕ ಬಿ.ಡಿಸೈನ್ ಕೋರ್ಸ್‌ಗಳಿಗೆ ಯಾವ ವಿಭಾಗದಲ್ಲಿ ಪಿಯುಸಿ ಮುಗಿಸಿದವರೂ ಅರ್ಜಿ ಹಾಕಬಹುದು.

ಹಂತ 3: ಕೈ ಮತ್ತು ಕಣ್ಣನ್ನು ಪಳಗಿಸಿ

ಇಡೀ ಸಿದ್ಧತೆಯ ತಿರುಳಿರುವುದು ಇಲ್ಲಿಯೇ. ಬೇಸಿಗೆಯ ಎರಡು ತಿಂಗಳ ಕೋಚಿಂಗ್‌ನಿಂದ ಪರೀಕ್ಷೆಯ ಸ್ವರೂಪ ತಿಳಿಯುತ್ತದೆ, ಕೈ ಪಳಗುವುದಿಲ್ಲ. ದಿನಕ್ಕೆ ಮುಕ್ಕಾಲು ಗಂಟೆಯಂತೆ ಒಂದು ವರ್ಷ ಬಿಡದೆ ಅಭ್ಯಾಸ ಮಾಡಿದವರ ರೇಖೆಯನ್ನು ನೋಡಿದ ಕೂಡಲೇ ಗುರುತಿಸಬಹುದು. ಇದಕ್ಕೆ ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲ್‌ಗಳು, ಬಿಳಿ ಹಾಳೆಯ ದಪ್ಪ ಪುಸ್ತಕ, ಒಂದು ಬ್ಲೇಡು ಸಾಕು. ರಬ್ಬರನ್ನು ಮೊದಲ ಮೂರು ತಿಂಗಳು ಮುಟ್ಟಬೇಡಿ.

ಮೊದಲ ಅಭ್ಯಾಸವಾಗಿ ಮನೆಯ ಹಿತ್ತಾಳೆ ಚೊಂಬನ್ನು ಕಿಟಕಿಯ ಪಕ್ಕದಲ್ಲಿಟ್ಟು ಬರೆಯಿರಿ. ಹತ್ತರಲ್ಲಿ ಒಂಬತ್ತು ಮಂದಿ ಚೊಂಬಿನ ಬಾಯಿಯನ್ನು ಮೊಟ್ಟೆಯಾಕಾರದಲ್ಲಿ ಬರೆದು, ತಳವನ್ನು ಮಾತ್ರ ನೇರ ಗೆರೆಯಲ್ಲಿ ಮುಗಿಸಿಬಿಡುತ್ತಾರೆ. ಬಾಯಿ ಕಾಣಬೇಕಾದರೆ ನೀವು ಚೊಂಬನ್ನು ಮೇಲಿನಿಂದ ನೋಡುತ್ತಿದ್ದೀರಿ ಎಂದರ್ಥ. ಹಾಗಿದ್ದ ಮೇಲೆ ತಳವೂ ಬಾಗಿಯೇ ಕಾಣಬೇಕು, ಅದೂ ಬಾಯಿಗಿಂತ ಸ್ವಲ್ಪ ಹೆಚ್ಚು ಬಾಗಿ, ಏಕೆಂದರೆ ಅದು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ತಳ ನೆಲದ ಮೇಲೆ ಚಪ್ಪಟೆಯಾಗಿ ಕುಳಿತಿದೆ ಎಂಬುದು ನಮಗೆ ಗೊತ್ತಿರುವುದರಿಂದ ಕೈ ಗೊತ್ತಿರುವುದನ್ನು ಬರೆಯುತ್ತದೆ, ಕಂಡದ್ದನ್ನಲ್ಲ. ಆ ಒಂದು ತಪ್ಪನ್ನು ನೀವಾಗಿಯೇ ಹಿಡಿದ ದಿನ ನಿಮ್ಮ ಚಿತ್ರಾಭ್ಯಾಸ ನಿಜವಾಗಿ ಶುರುವಾಯಿತೆಂದು ತಿಳಿಯಬಹುದು. ಮುಂದೆ ಅದೇ ಚೊಂಬನ್ನು ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ, ಸಂಜೆ ದೀಪದ ಬೆಳಕಿನಲ್ಲಿ ಬರೆದು, ನೆರಳು ಎತ್ತ ಬಿದ್ದಿದೆ, ಅದರ ಅಂಚು ಎಲ್ಲಿ ಗಡುಸಾಗಿದೆ, ಎಲ್ಲಿ ಕರಗಿದೆ ಎಂದು ಹೋಲಿಸಿ.

ಎರಡನೆಯ ಅಭ್ಯಾಸ ಜನರನ್ನು ಬರೆಯುವುದು. ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ ಕುಳಿತು ಒಬ್ಬೊಬ್ಬರಿಗೆ ಎರಡೇ ನಿಮಿಷ ಕೊಟ್ಟು ಬರೆಯಿರಿ. ಮುಖದ ಹೋಲಿಕೆ ಬೇಡ. ಮೂಟೆ ಹೊತ್ತವನ ಬೆನ್ನು ಹೇಗೆ ಬಾಗಿದೆ, ಕೈಯಲ್ಲಿ ಮಗುವಿರುವ ತಾಯಿಯ ಸೊಂಟ ಯಾವ ಕಡೆ ವಾಲಿದೆ ಎಂಬುದಷ್ಟೇ ಸಾಕು.

ಮೂರನೆಯದು ಕಟ್ಟಡವನ್ನು ನೋಡುವ ಅಭ್ಯಾಸ, ಇದನ್ನು ಕಲಾಶಾಲೆಗೆ ಹೋಗುವವರೂ ಮಾಡಬೇಕು. ಪಟ್ಟದಕಲ್ಲಿಗೆ ಹೋಗುವ ಅವಕಾಶವಿದ್ದರೆ ಒಂದು ದಿನ ಪೂರ್ತಿ ಅಲ್ಲಿಯೇ ಕಳೆಯಿರಿ. ಒಂದೇ ಅಂಗಳದಲ್ಲಿ ಗಳಗನಾಥ ದೇವಾಲಯದ ಬಾಗಿ ಮೇಲೇರುವ ನಾಗರ ಶಿಖರವೂ, ವಿರೂಪಾಕ್ಷ ದೇವಾಲಯದ ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾವಿಡ ವಿಮಾನವೂ ಕಾಣಸಿಗುತ್ತವೆ. ಶಿಲ್ಪಗಳ ಗೋಜಿಗೆ ಹೋಗದೆ ಎರಡರ ಹೊರರೇಖೆಯನ್ನಷ್ಟೇ ಪಕ್ಕಪಕ್ಕದಲ್ಲಿ ಬರೆದರೆ, ಕಟ್ಟಡಕ್ಕೆ ಒಂದು ನಡೆ, ಒಂದು ಲಯವಿರುತ್ತದೆ ಎಂಬುದು ಯಾರ ಪಾಠವೂ ಇಲ್ಲದೆ ಅರ್ಥವಾಗುತ್ತದೆ. ಅಷ್ಟು ದೂರ ಹೋಗಲಾಗದವರಿಗೆ ತಮ್ಮ ಊರಿನ ಮನೆಗಳೇ ಸಾಕು. ಕರಾವಳಿಯವರು ಮುರಕಲ್ಲಿನ ಗೋಡೆ ಮತ್ತು ಮಂಗಳೂರು ಹೆಂಚಿನ ಇಳಿಜಾರನ್ನು, ಮಲೆನಾಡಿನವರು ತೊಟ್ಟಿಮನೆಯ ಅಂಗಳಕ್ಕೆ ಬೆಳಕು ಇಳಿಯುವ ಬಗೆಯನ್ನು, ಕಲಬುರಗಿ, ವಿಜಯಪುರ, ಬಾಗಲಕೋಟೆಯ ಕಡೆಯವರು ಮಣ್ಣಿನ ಮಾಳಿಗೆ ಮನೆಯ ದಪ್ಪ ಗೋಡೆ ಬಿರುಬಿಸಿಲಿನಲ್ಲೂ ತಣ್ಣಗಿರುವುದನ್ನು ಗಮನಿಸಿ ಬರೆದಿಡಲಿ. ಸಂದರ್ಶನದಲ್ಲಿ ಹಳ್ಳಿಯ ಮಕ್ಕಳು ಹಿಂಜರಿಯುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಹೊರದೇಶದ ಪ್ರಸಿದ್ಧ ಕಟ್ಟಡದ ಹೆಸರು ಹೇಳುವವರಿಗಿಂತ, ತನ್ನ ಅಜ್ಜನ ಮನೆಯ ಜಗಲಿ ಬೀದಿಗಿಂತ ಏಕೆ ಎತ್ತರವಿದೆ ಎಂದು ವಿವರಿಸುವ ಮಗು ಹೆಚ್ಚು ಬಲ್ಲದು.

ಹಂತ 4: ಪ್ರವೇಶ ಪರೀಕ್ಷೆಗಳ ನಕ್ಷೆ ಹಾಕಿಕೊಳ್ಳಿ

ಬಿ.ಆರ್ಕ್‌ಗೆ ಮುಖ್ಯವಾದ ಪರೀಕ್ಷೆ ನಾಟಾ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಇದನ್ನು 2006ರಿಂದ ನಡೆಸಿಕೊಂಡು ಬರುತ್ತಿದೆ. ಒಟ್ಟು 200 ಅಂಕಗಳು. ಇತ್ತೀಚಿನ ಮಾದರಿಯಲ್ಲಿ 80 ಅಂಕಗಳ ಮೊದಲ ಭಾಗ ಕಾಗದದ ಮೇಲೆ ಕೈಯಿಂದ ಬರೆಯುವಂಥದ್ದು: ಬಣ್ಣದ ಸಂಯೋಜನೆ, ಕಪ್ಪುಬಿಳುಪಿನ ರೇಖಾಚಿತ್ರ, ಕೊಟ್ಟ ಸಾಮಗ್ರಿಯಿಂದ ಮೂರು ಆಯಾಮದ ರಚನೆ. ಉಳಿದ 120 ಅಂಕಗಳ ಭಾಗ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ. ತರ್ಕ, ದೃಶ್ಯಗ್ರಹಣೆ, ಗಣಿತ, ಕಟ್ಟಡಗಳ ಕುರಿತ ಸಾಮಾನ್ಯ ತಿಳಿವಳಿಕೆ ಅಲ್ಲಿ ಬರುತ್ತವೆ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬರೆಯಲು ಅವಕಾಶವಿರುವುದರಿಂದ ಮೊದಲ ಪ್ರಯತ್ನವನ್ನು ಬೇಗ ಮುಗಿಸಿಕೊಳ್ಳುವುದು ಜಾಣತನ. ಮಾದರಿಯಲ್ಲಿ ಆಗಾಗ ಬದಲಾವಣೆ ಆಗುತ್ತಿರುತ್ತದೆ, ಆದ್ದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದದೆ ಅರ್ಜಿ ತುಂಬಬೇಡಿ.

ದೆಹಲಿ, ಭೋಪಾಲ್ ಮತ್ತು ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಸಂಸ್ಥೆಗಳಿಗೆ, ಕ್ಯಾಲಿಕಟ್ ಮತ್ತು ತಿರುಚಿರಾಪಳ್ಳಿಯಂಥ ಎನ್‌ಐಟಿಗಳಿಗೆ ಸೇರಬೇಕೆಂದರೆ ಜೆಇಇ ಮೇನ್‌ನ ಪೇಪರ್ 2ಎ ಬರೆಯಬೇಕು. ಒಟ್ಟು 400 ಅಂಕಗಳಲ್ಲಿ ಗಣಿತಕ್ಕೆ 100, ಅಭಿರುಚಿ ಪರೀಕ್ಷೆಗೆ 200, ಚಿತ್ರರಚನೆಗೆ 100. ಕನ್ನಡ ಮಾಧ್ಯಮದವರಿಗೆ ಒಂದು ಅನುಕೂಲವಿದೆ: ಜೆಇಇ ಮೇನ್ ಪ್ರಶ್ನೆಪತ್ರಿಕೆಗೆ ಕನ್ನಡವನ್ನೂ ಆರಿಸಿಕೊಳ್ಳಬಹುದು. ಖರಗ್‌ಪುರ, ರೂರ್ಕಿ ಐಐಟಿಗಳ ಬಿ.ಆರ್ಕ್‌ಗೆ ಜೆಇಇ ಅಡ್ವಾನ್ಸ್ಡ್‌ನಲ್ಲಿ ತೇರ್ಗಡೆಯಾಗಿ, ಅನಂತರ ಪ್ರತ್ಯೇಕ ಅಭಿರುಚಿ ಪರೀಕ್ಷೆಯಲ್ಲೂ ಉತ್ತೀರ್ಣರಾಗಬೇಕು.

ಡಿಸೈನ್ ಕಡೆಗೆ ಹೊರಟವರಿಗೆ ಮೂರು ಪರೀಕ್ಷೆಗಳು ಪ್ರಮುಖ. 1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ಎರಡು ಸುತ್ತಿನ ಪರೀಕ್ಷೆ ನಡೆಸುತ್ತದೆ. ಎರಡನೆಯ ಸುತ್ತಿನಲ್ಲಿ ಕೈಯಾರೆ ವಸ್ತುಗಳನ್ನು ಮಾಡಿ ತೋರಿಸಬೇಕಾಗುತ್ತದೆ. ಐಐಟಿಗಳ ಬಿ.ಡಿಸೈನ್‌ಗೆ ಐಐಟಿ ಬಾಂಬೆ ನಡೆಸುವ ಯುಸೀಡ್ ಇದೆ. ಬೆಂಗಳೂರಿನಲ್ಲೂ ಕೇಂದ್ರ ಹೊಂದಿರುವ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್‌ಗೆ ಅದರದೇ ಪ್ರವೇಶ ಪರೀಕ್ಷೆ. ಇವುಗಳ ಅರ್ಜಿಗಳು ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆಗೆ ಬಹಳ ಮೊದಲೇ ಮುಗಿದುಹೋಗುತ್ತವೆ. ದಸರೆಯ ರಜೆಯಲ್ಲಿ ಒಮ್ಮೆ ಕುಳಿತು ದಿನಾಂಕಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಹಂತ 5: ಕಾಲೇಜನ್ನು ಪರೀಕ್ಷಿಸಿ

ಆರ್ಕಿಟೆಕ್ಚರ್ ಕಾಲೇಜಿನ ವಿಷಯದಲ್ಲಿ ಮೊದಲ ಕೆಲಸ, ಕೌನ್ಸಿಲ್‌ನ ಜಾಲತಾಣದಲ್ಲಿ ಆ ಕಾಲೇಜಿಗೆ ನೀವು ಸೇರುವ ವರ್ಷದ ಅನುಮೋದನೆ ಇದೆಯೇ, ಎಷ್ಟು ಸೀಟುಗಳಿಗೆ ಇದೆ ಎಂದು ಖಚಿತಪಡಿಸಿಕೊಳ್ಳುವುದು. ವಿಶ್ವವಿದ್ಯಾಲಯದ ಮಾನ್ಯತೆ ಒಂದೇ ಸಾಲದು. ಕೌನ್ಸಿಲ್ ಅನುಮೋದನೆ ಇಲ್ಲದ ಕಡೆ ಐದು ವರ್ಷ ಓದಿದರೆ ನೋಂದಣಿಗೆ ತೊಡಕಾಗುತ್ತದೆ, ಕೈಯಲ್ಲಿ ಪದವಿ ಇದ್ದೂ ವೃತ್ತಿಯ ಹೆಸರು ಇರುವುದಿಲ್ಲ. ಶುಲ್ಕ ಕಟ್ಟುವ ಮುನ್ನ ಇದನ್ನು ನೀವೇ ನೋಡಿ, ಪ್ರವೇಶ ವಿಭಾಗದವರ ಬಾಯಿಮಾತನ್ನು ನಂಬಬೇಡಿ.

ಎರಡನೆಯ ಕೆಲಸ, ತರಗತಿ ನಡೆಯುವ ದಿನ ಸ್ಟುಡಿಯೊಗೆ ಹೋಗಿ ನೋಡುವುದು. ಹಲವು ವರ್ಷಗಳ ಹಿಂದೆ ಪರಿಚಿತರ ಮಗನೊಂದಿಗೆ ಒಂದು ಕಾಲೇಜಿಗೆ ಹೋಗಿದ್ದೆ. ಗಾಜಿನ ಮುಂಭಾಗ, ಹೊಳೆಯುವ ನೆಲ, ದೊಡ್ಡ ಸಭಾಂಗಣ ಎಲ್ಲವೂ ಇತ್ತು. ಸ್ಟುಡಿಯೊ ಎಲ್ಲಿ ಎಂದು ಕೇಳಿದಾಗ ಬೀಗ ತೆಗೆಸಿ ತೋರಿಸಿದರು; ಡ್ರಾಯಿಂಗ್ ಬೋರ್ಡ್‌ಗಳ ಮೇಲೆ ದೂಳು ಒಂದು ಪದರ ಕೂತಿತ್ತು, ಗೋಡೆಯ ಮೇಲೆ ಒಂದೇ ಒಂದು ಶೀಟ್ ಇರಲಿಲ್ಲ. ಜೀವಂತ ಸ್ಟುಡಿಯೊದಲ್ಲಿ ನೆಲದ ತುಂಬ ಮೌಂಟ್‌ಬೋರ್ಡಿನ ಚೂರುಗಳು, ಫೆವಿಕಾಲ್ ಅಂಟಿದ ಬೆರಳುಗಳು, ಗೋಡೆಯ ಮೇಲೆ ಕೆಂಪು ಪೆನ್ನಿನಿಂದ ತಿದ್ದಿದ ಪ್ಲಾನುಗಳು, ಅರ್ಧ ಕಟ್ಟಿದ ಮಾಡೆಲ್‌ಗಳು ಇರುತ್ತವೆ. ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಪಕ್ಕಕ್ಕೆ ಕರೆದು ನಾಲ್ಕು ಪ್ರಶ್ನೆ ಕೇಳಿ: ವಾರದಲ್ಲಿ ಎಷ್ಟು ಸಲ ಮೇಷ್ಟ್ರು ನಿಮ್ಮ ಟೇಬಲ್ಲಿಗೆ ಬಂದು ಚಿತ್ರ ತಿದ್ದುತ್ತಾರೆ, ಜ್ಯೂರಿಗೆ, ಅಂದರೆ ನಿಮ್ಮ ಕೆಲಸದ ಮೌಲ್ಯಮಾಪನಕ್ಕೆ, ಹೊರಗಿನ ಆರ್ಕಿಟೆಕ್ಟರು ಬರುತ್ತಾರೆಯೇ, ಹಳೆಯ ಊರುಗಳ ಅಳತೆ ಮಾಡಿ ನಕ್ಷೆ ಬರೆಯುವ ಪ್ರವಾಸ ಎಲ್ಲಿಗೆ ಹೋಗಿದ್ದಿರಿ, ಗ್ರಂಥಾಲಯ ಸಂಜೆಯವರೆಗೂ ತೆರೆದಿರುತ್ತದೆಯೇ. ಈ ನಾಲ್ಕಕ್ಕೆ ಸಿಗುವ ಉತ್ತರ ಯಾವ ಪತ್ರಿಕೆಯ ಶ್ರೇಯಾಂಕ ಪಟ್ಟಿಗಿಂತಲೂ ಹೆಚ್ಚು ನೆರವಾಗುತ್ತದೆ.

ರಾಜ್ಯದ ಬಹಳಷ್ಟು ಆರ್ಕಿಟೆಕ್ಚರ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ; ಬೆಂಗಳೂರಿನ ಯುವಿಸಿಇಯಲ್ಲೂ ಬಿ.ಆರ್ಕ್ ಇದೆ. ಕಲಾಶಿಕ್ಷಣಕ್ಕೆ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜು, ಮೈಸೂರಿನ ಕಾವಾ ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, 1964ರಲ್ಲಿ ಆರಂಭವಾದ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಹೆಸರುವಾಸಿ. ಹೊರರಾಜ್ಯಕ್ಕೆ ಹೋಗಬಲ್ಲವರು ಬರೋಡದ ಲಲಿತಕಲಾ ವಿಭಾಗ, ಶಾಂತಿನಿಕೇತನದ ಕಲಾಭವನ, ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಗಳನ್ನು ಗಮನಿಸಬಹುದು. ಉಡುಪಿ ಸಮೀಪದ ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಜೆ.ಜೆ. ಶಾಲೆಯಲ್ಲಿಯೇ ಕಲಿತವರು.

ಹಂತ 6: ಕಲಾಶಾಲೆಗೆ ಪೋರ್ಟ್‌ಫೋಲಿಯೊ ಜೋಡಿಸಿ

ಬಿ.ವಿ.ಎ. ಪ್ರವೇಶಕ್ಕೆ ಸಾಮಾನ್ಯವಾಗಿ ಪ್ರಾಯೋಗಿಕ ಪರೀಕ್ಷೆ ಮತ್ತು ಸಂದರ್ಶನ ಇರುತ್ತವೆ. ಪೋರ್ಟ್‌ಫೋಲಿಯೊಗೆ, ಅಂದರೆ ಅಲ್ಲಿ ತೋರಿಸಲು ಜೋಡಿಸಿಟ್ಟ ನಿಮ್ಮ ಕೆಲಸಗಳ ಕಡತಕ್ಕೆ, ಇಪ್ಪತ್ತು ಕೃತಿಗಳು ಧಾರಾಳವಾಯಿತು. ಅದರಲ್ಲಿ ವಸ್ತುಚಿತ್ರ, ನಿಸರ್ಗಚಿತ್ರ, ಮಾನವಾಕೃತಿ, ಜಲವರ್ಣ, ಸಾಧ್ಯವಾದರೆ ಒಂದೆರಡು ಮಣ್ಣಿನ ಕೆಲಸದ ಛಾಯಾಚಿತ್ರ ಇರಲಿ. ಮೊಬೈಲ್ ನೋಡಿ ನಕಲು ಮಾಡಿದ ನಟರ ಭಾವಚಿತ್ರಗಳನ್ನು, ಅವು ಎಷ್ಟೇ ಹೋಲುತ್ತಿದ್ದರೂ, ದಯವಿಟ್ಟು ಸೇರಿಸಬೇಡಿ. ಎದುರಿಗೆ ಕುಳಿತವರು ಹುಡುಕುವುದು ನಿಮ್ಮ ಕಣ್ಣನ್ನು. ನಿತ್ಯ ಬರೆದ ಪುಸ್ತಕವನ್ನು ತಪ್ಪುಗಳ ಸಮೇತ ಜೊತೆಗೆ ಒಯ್ಯಿರಿ. ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಪಾಸಾಗಿದ್ದರೆ ಆ ಪ್ರಮಾಣಪತ್ರಗಳನ್ನೂ ಇಟ್ಟುಕೊಳ್ಳಿ.

ಹಂತ 7: ಅರ್ಜಿ, ದಾಖಲೆ, ಸೀಟು ಹಂಚಿಕೆ

ರಾಜ್ಯದ ಸರ್ಕಾರಿ ಕೋಟಾದ ಬಿ.ಆರ್ಕ್ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ರ‍್ಯಾಂಕ್ ಲೆಕ್ಕ ಹಾಕುವಾಗ ನಾಟಾ ಅಂಕಕ್ಕೆ ಅರ್ಧ, ಪಿಯುಸಿ ಅಂಕಕ್ಕೆ ಅರ್ಧ ತೂಕ. ಅನೇಕರು ಎಡವುವುದು ಒಂದು ಕಡೆ: ಸಿಇಟಿ ಬರೆಯುವುದಿಲ್ಲವಲ್ಲ ಎಂದು ಪ್ರಾಧಿಕಾರದ ಅರ್ಜಿಯನ್ನೇ ಹಾಕುವುದಿಲ್ಲ. ಆರ್ಕಿಟೆಕ್ಚರ್ ಮಾತ್ರ ಬೇಕೆನ್ನುವವರೂ ಆ ಅರ್ಜಿಯಲ್ಲಿ ನೋಂದಾಯಿಸಿಕೊಂಡು, ಮುಂದೆ ನಾಟಾ ಅಂಕಗಳನ್ನು ಪ್ರಾಧಿಕಾರದ ಜಾಲತಾಣದಲ್ಲಿ ದಾಖಲಿಸಬೇಕು. ಕಾಮೆಡ್‌ಕೆ ಮೂಲಕ ಸಿಗುವ ಖಾಸಗಿ ಸೀಟುಗಳಿಗೂ ನಾಟಾ ಅಂಕವೇ ಆಧಾರ, ಆದರೆ ಅರ್ಜಿ ಬೇರೆ.

ದಾಖಲೆಗಳಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ರಾಜ್ಯದಲ್ಲಿ ಓದಿದ ವರ್ಷಗಳ ವ್ಯಾಸಂಗ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮುಖ್ಯ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಪ್ರತ್ಯೇಕ ಸೀಟುಗಳಿವೆ. ಈ ಪ್ರಮಾಣಪತ್ರಗಳನ್ನು ನಿಗದಿತ ನಮೂನೆಯಲ್ಲಿಯೇ ಪಡೆಯಬೇಕು, ಮೇ ತಿಂಗಳಿನಲ್ಲಿ ಶಾಲೆಗೆ ರಜೆ ಇರುವುದರಿಂದ ಡಿಸೆಂಬರ್ ಒಳಗೆ ಮುಗಿಸಿಕೊಂಡರೆ ಓಡಾಟ ತಪ್ಪುತ್ತದೆ. ಸೀಟು ಹಂಚಿಕೆಯಾದಾಗ ಛಾಯ್ಸ್ ಆರಿಸುವುದರಲ್ಲೂ ಆತುರ ಬೇಡ: ಒಂದನೆಯದು ಸಿಕ್ಕ ಸೀಟನ್ನು ಒಪ್ಪಿ ಸೇರುವುದು, ಎರಡನೆಯದು ಅದನ್ನು ಹಿಡಿದಿಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವುದು, ಮೂರನೆಯದು ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಪೂರ್ತಿ ಹೊರಬರುವುದು. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ತಿಳಿಯದೆ ಕೈಗೆ ಬಂದ ಸೀಟನ್ನು ಕಳೆದುಕೊಂಡ ಮಕ್ಕಳಿದ್ದಾರೆ.

ಹಂತ 8: ಖರ್ಚಿನ ಲೆಕ್ಕ

ಕಾಲೇಜು ಶುಲ್ಕದ ಜೊತೆಗೆ ಕಾಗದ, ಮಾಡೆಲ್ ಸಾಮಗ್ರಿ, ಪ್ರಿಂಟು, ಅಧ್ಯಯನ ಪ್ರವಾಸಗಳಿಗೆ ಪ್ರತಿ ಸೆಮಿಸ್ಟರ್‌ನಲ್ಲೂ ಬೇರೆಯಾಗಿ ಹಣ ಎತ್ತಿಡಬೇಕು. ಇದನ್ನು ಮೊದಲೇ ಯಾರೂ ಹೇಳುವುದಿಲ್ಲ. ದುಬಾರಿ ಲ್ಯಾಪ್‌ಟಾಪನ್ನು ಮೊದಲ ವರ್ಷವೇ ಕೊಳ್ಳುವ ಅಗತ್ಯ ಕಡಿಮೆ, ಏಕೆಂದರೆ ಆಗ ಬಹುಪಾಲು ಕೆಲಸ ಕೈಯಲ್ಲಿಯೇ ನಡೆಯುತ್ತದೆ. ಡ್ರಾಯಿಂಗ್ ಬೋರ್ಡ್, ಟಿ-ಸ್ಕ್ವೇರ್, ಸೆಟ್ ಸ್ಕ್ವೇರ್‌ಗಳನ್ನು ಹಿರಿಯ ವಿದ್ಯಾರ್ಥಿಗಳಿಂದ ಅರ್ಧ ಬೆಲೆಗೆ ಪಡೆಯಬಹುದು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕಿ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ಅರಿವು ಶೈಕ್ಷಣಿಕ ಸಾಲವನ್ನೂ ವಿಚಾರಿಸಿ.

ಹಂತ 9: ಪ್ರವೇಶವಾದ ಮೇಲೆ, ತರಗತಿಗೆ ಮುನ್ನ

ಸೀಟು ಸಿಕ್ಕ ದಿನದಿಂದ ಮೊದಲ ತರಗತಿಯವರೆಗೆ ಕೆಲವು ವಾರಗಳಿರುತ್ತವೆ. ಆ ಅವಧಿಯಲ್ಲಿ ನಿಮ್ಮ ಸ್ವಂತ ಮನೆಯನ್ನು ಅಳೆಯಿರಿ. ಐದು ಮೀಟರಿನ ಟೇಪು, ಒಂದು ನೋಟ್‌ಬುಕ್ಕು, ತುದಿ ಹಿಡಿಯಲು ತಮ್ಮನೋ ತಂಗಿಯೋ ಇದ್ದರೆ ಸಾಕು. ಗೋಡೆಯ ದಪ್ಪ, ಬಾಗಿಲಿನ ಎತ್ತರ, ಕಿಟಕಿ ನೆಲದಿಂದ ಎಷ್ಟು ಮೇಲಿದೆ, ಅಡುಗೆ ಕಟ್ಟೆ ಅಮ್ಮನ ಎತ್ತರಕ್ಕೆ ಒಪ್ಪುತ್ತದೆಯೇ, ಮೆಟ್ಟಿಲಿನ ಏರು ಮತ್ತು ತುಳಿ ಎಷ್ಟು ಎಂದು ಗುರುತಿಸಿಕೊಳ್ಳಿ. ಸುಮಾರು 15 ಸೆಂಟಿಮೀಟರ್ ಏರು, 30 ಸೆಂಟಿಮೀಟರ್ ತುಳಿ ಇರುವ ಮೆಟ್ಟಿಲನ್ನು ಹತ್ತುವುದು ಹಗುರ. ನಿಮ್ಮ ಮನೆಯ ಮೆಟ್ಟಿಲಿನ ಏರು 20 ಇದ್ದರೆ ಅಜ್ಜಿ ಏಕೆ ಮಹಡಿಗೆ ಬರುವುದಿಲ್ಲ ಎಂಬುದು ಅಲ್ಲಿಯೇ ತಿಳಿಯುತ್ತದೆ. ಅಳತೆಗಳೆಲ್ಲ ಸಿಕ್ಕ ಮೇಲೆ ಪ್ರತಿ 50 ಸೆಂಟಿಮೀಟರಿಗೆ ಒಂದು ಸೆಂಟಿಮೀಟರಿನಂತೆ ಇಳಿಸಿ ದೊಡ್ಡ ಹಾಳೆಯ ಮೇಲೆ ಪ್ಲಾನ್ ಬರೆಯಿರಿ. ನಿಮ್ಮ ಅಳತೆಗಳು ಮೊದಲ ಸಲ ಒಂದಕ್ಕೊಂದು ಕೂಡುವುದಿಲ್ಲ, ಯಾವುದೋ ಕೋಣೆ ಅರ್ಧ ಅಡಿ ಹೊರಗೆ ಉಳಿಯುತ್ತದೆ. ಟೇಪು ಹಿಡಿದು ಮತ್ತೊಮ್ಮೆ ಅಳೆದು, ತಪ್ಪು ಸಿಕ್ಕಿದ ಜಾಗವನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಆ ಹಾಳೆಯನ್ನು ಸುತ್ತಿಕೊಂಡು ಮೊದಲ ದಿನ ಸ್ಟುಡಿಯೊಗೆ ಹೋಗಿ.